ಇಲಿ ಬಿದ್ದ ಸುದ್ದಿ

ನಮ್ಮಜ್ಜಿ ಹುಟ್ಟಿದ್ದು ಮನೆಯಲ್ಲಲ್ಲ, ಹೊಲದಲ್ಲಿ ಹಾಕಿದ್ದ ಸೋಗೆ ಗುಡ್ಲಿನಲ್ಲಿ. ತಿಪಟೂರಿನ ಕಡೆಯ ಹಳ್ಳಿ. ಪಿಳೇಗಿಗೆ ಹೆದರಿ ಊರಿಗೆ ಊರೇ ಮನೆ ಖಾಲಿ ಮಾಡಿ ಹೊರಗೆ ಬಿಡಾರ ಹೂಡಿದ್ದ ವರ್ಷ ಅದು. "ಊರು ಬಿಡಿ ಅಂತ ಯಾರು ಹೇಳಿದ್ರಜ್ಜಿ, ಸರ್ಕಾರದೋರಾ?" ಎಂದು ನಾನೊಮ್ಮೆ ಕೇಳಿದ್ದೆ. "ಸರ್ಕಾರ ಯಾಕೆ ಹೇಳ್ಬೇಕು? ಅಟ್ಟದಿಂದ ಇಲಿ ಬಿತ್ತಂತೆ, ಹೊರಟರಂತೆ" ಎಂದಳು.

ಇಲಿ ಬೀಳುವುದು ಎಂಬ ಮಾತು ಹಳೇ ಮೈಸೂರಿನ ಹಿರಿಯರ ಬಾಯಲ್ಲಿ ಇನ್ನೂ ಇದೆ. ಮಾಡಿನಿಂದ ಇಲಿ ಸತ್ತು ಬಿದ್ದರೆ ಕೆಲವೇ ದಿನಗಳಲ್ಲಿ ಮನೆಯವರಿಗೆ ಗಡ್ಡೆ ಏಳುತ್ತದೆ ಎಂಬುದು ಅವರು ಕಂಡು ಕಲಿತದ್ದು. ಇಲಿ ಬಿದ್ದ ಸುದ್ದಿ ಬಾಯಿಂದ ಬಾಯಿಗೆ ಹರಡುತ್ತಿತ್ತು, ಜನ ಗಾಬರಿಯಾಗುತ್ತಿದ್ದರು, ಊರು ಖಾಲಿಯಾಗುತ್ತಿತ್ತು. ಅದು ಮಾಹಿತಿಯೋ ವದಂತಿಯೋ? ನನ್ನ ಸಂಶೋಧನೆಯ ವಿಷಯ ವಸಾಹತು ಕಾಲದ ಕಾನೂನು. ಹಳೆಯ ಕಾಯ್ದೆಗಳನ್ನು ಓದುತ್ತಾ ಕೂತಾಗಲೆಲ್ಲ ಈ ಪ್ರಶ್ನೆ ಕಾಡುತ್ತದೆ. ಆರೋಗ್ಯದ ಬಗ್ಗೆ ಸುಳ್ಳು ಹರಡುವವರನ್ನು ಶಿಕ್ಷಿಸಲು ನಾವು ಇಂದು ಬಳಸುತ್ತಿರುವ ಮುಖ್ಯ ಕಲಮಿನ ಈಗಿನ ರೂಪ ಹುಟ್ಟಿದ್ದೂ ಪ್ಲೇಗಿನ ಕಾಲದಲ್ಲೇ.

1896ರ ಸೆಪ್ಟೆಂಬರಿನಲ್ಲಿ ಬೊಂಬಾಯಿಯ ಮಾಂಡ್ವಿಯಲ್ಲಿ ಡಾ. ಅಕಾಸಿಯೊ ವೀಗಸ್ ಎಂಬ ಗೋವಾ ಮೂಲದ ವೈದ್ಯರು ಇದು ಪ್ಲೇಗು ಎಂದು ಗುರುತಿಸಿದರು. ಬಂದರಿನ ವ್ಯಾಪಾರಕ್ಕೆ ಪೆಟ್ಟು ಬೀಳುವ ಸುದ್ದಿ ಅದು. ಅಧಿಕಾರಿಗಳು ಅದನ್ನು ಅದರ ಹೆಸರಿನಿಂದ ಕರೆಯಲು ಮೊದಮೊದಲು ಹಿಂದೆಮುಂದೆ ನೋಡಿದರು. ಒಪ್ಪಿಕೊಂಡ ಮೇಲೆ ಮಾತ್ರ ಹಿಡಿತ ಉಸಿರುಗಟ್ಟಿಸುವಂತಾಯಿತು. 1897ರ ಫೆಬ್ರವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಕೈಬೆರಳಲ್ಲಿ ಎಣಿಸಬಹುದಾದಷ್ಟು ಕಲಮುಗಳ ಪುಟ್ಟ ಕಾಯ್ದೆ. ಮನೆ ಹೊಕ್ಕು ಶೋಧಿಸುವುದು, ರೋಗಿಯನ್ನು ಎತ್ತಿಕೊಂಡು ಹೋಗುವುದು, ರೈಲಿನಲ್ಲಿ ತಡೆದು ತಪಾಸಣೆ ಮಾಡುವುದು ಎಲ್ಲಕ್ಕೂ ಅದರಡಿ ದಾರಿಯಾಯಿತು. ಸದುದ್ದೇಶದಿಂದ ಮಾಡಿದ ಯಾವ ಕೆಲಸಕ್ಕೂ ಅಧಿಕಾರಿಯ ಮೇಲೆ ದಾವೆ ಹೂಡುವಂತಿಲ್ಲ ಎಂಬ ರಕ್ಷಣೆಯೂ ಅದರಲ್ಲೇ ಇತ್ತು.

ಬೊಂಬಾಯಿಯಲ್ಲಿ ಆಗ ಹರಡಿದ್ದ ಗಾಳಿಸುದ್ದಿಗಳನ್ನು ಓದಿದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಆಸ್ಪತ್ರೆಗೆ ಹೋದವರ ಮೈಯಿಂದ ಎಣ್ಣೆ ತೆಗೆಯುತ್ತಾರಂತೆ. ಯಾರೋ ರಾಣಿಯ ಪ್ರತಿಮೆಗೆ ಡಾಂಬರು ಬಳಿದದ್ದಕ್ಕೆ ಸಿಟ್ಟಾಗಿ ವಿಕ್ಟೋರಿಯಾ ರಾಣಿಯು ಊರಿನ ಜನರ ಗುಂಡಿಗೆಗಳನ್ನು ಕೇಳಿದ್ದಾಳಂತೆ. 1896ರ ಅಕ್ಟೋಬರ್ ಕೊನೆಯಲ್ಲಿ ಸುಮಾರು ಸಾವಿರ ಗಿರಣಿ ಕಾರ್ಮಿಕರು ಆರ್ಥರ್ ರಸ್ತೆಯ ಆಸ್ಪತ್ರೆಗೆ ನುಗ್ಗಿದರು. ಇವು ಸುಳ್ಳುಗಳೇ, ಅನುಮಾನವಿಲ್ಲ. ಇವುಗಳಿಂದ ಸಾವೂ ಸಂಭವಿಸಿದೆ. ಜನ ರೋಗಿಗಳನ್ನು ಬಚ್ಚಿಟ್ಟರು, ಹೆಣಗಳನ್ನು ಬಚ್ಚಿಟ್ಟರು. ವದಂತಿ ಎಂದರೆ ಬಡವರ ಪ್ರತಿರೋಧದ ಭಾಷೆ ಎಂದು ಬರೆದು ಕೈತೊಳೆದುಕೊಳ್ಳುವ ಅಭ್ಯಾಸ ನಮ್ಮ ಸಂಶೋಧಕರಿಗಿದೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಬಚ್ಚಿಟ್ಟ ಮನೆಯಲ್ಲಿ ಮುಂದೆ ಸತ್ತವರೂ ಬಡವರೇ.

ಪುಣೆಯಲ್ಲಿ ಇನ್ನೊಂದು ಬಗೆಯ ಮಾತು ಹೊರಟಿತು. ಅಲ್ಲಿ ಪ್ಲೇಗು ಸಮಿತಿಯ ಮುಖ್ಯಸ್ಥನಾಗಿದ್ದವನು ವಾಲ್ಟರ್ ಚಾರ್ಲ್ಸ್ ರ‍್ಯಾಂಡ್; ಮನೆ ಶೋಧಕ್ಕೆ ಹೋದದ್ದು ಸೈನಿಕರು. ಪಂಡಿತಾ ರಮಾಬಾಯಿ (ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು) ಪ್ಲೇಗು ಆಸ್ಪತ್ರೆಯಲ್ಲಿ ಹೆಂಗಸರನ್ನು ನಡೆಸಿಕೊಳ್ಳುವ ರೀತಿಯ ಬಗ್ಗೆ ಪತ್ರಿಕೆಗೆ ಬರೆದರು. ಸರ್ಕಾರ ಅದನ್ನು ಅಲ್ಲಗಳೆಯಿತು. ಆ ಹೊತ್ತಿಗೆ ಗೋಪಾಲಕೃಷ್ಣ ಗೋಖಲೆ ಇಂಗ್ಲೆಂಡಿನಲ್ಲಿದ್ದರು. ಸೈನಿಕರು ಇಬ್ಬರು ಹೆಂಗಸರ ಮೇಲೆ ಅತ್ಯಾಚಾರ ಮಾಡಿದ್ದಾರೆಂದು ಊರಿನಿಂದ ಅವರಿಗೆ ಕಾಗದಗಳು ಬಂದಿದ್ದವು. ಅದನ್ನು ಅವರು ಅಲ್ಲಿನ ಪತ್ರಿಕೆಯ ಮುಂದೆ ಹೇಳಿದರು. ಊರಿಗೆ ಮರಳಿ ವಿಚಾರಿಸಿದರೆ ಸಾಕ್ಷಿ ಹೇಳಲು ಯಾರೂ ಮುಂದೆ ಬರಲಿಲ್ಲ. ಗೋಖಲೆ ಸಾರ್ವಜನಿಕವಾಗಿ, ನಿಶ್ಶರ್ತವಾಗಿ ಕ್ಷಮೆ ಕೇಳಿದರು. ಸ್ವಂತದವರೇ ಅವರನ್ನು ಹೇಡಿ ಎಂದರು.

ಈ ಪ್ರಸಂಗವನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಗೋಖಲೆ ಹೇಳಿದ್ದು ಸುಳ್ಳೇ? ಸಾಬೀತಾಗದ ಮಾತು ಅದು, ಅಷ್ಟೆ. ಸೈನಿಕರ ಮೇಲೆ ದೂರು ಹೇಳಲು 1897ರ ಪುಣೆಯ ಒಬ್ಬ ಹೆಣ್ಣುಮಗಳು ಯಾರ ಮುಂದೆ ಹೋಗಬೇಕಿತ್ತು? ತನಿಖೆ ಮಾಡಬೇಕಾದವನೂ ಆರೋಪಕ್ಕೆ ಒಳಗಾದವನೂ ಒಂದೇ ಸರ್ಕಾರದವರಾದಾಗ, ಸಾಬೀತಾಗದ ಮಾತೆಲ್ಲ ಸುಳ್ಳಿನ ಖಾತೆಗೆ ಜಮೆಯಾಗುತ್ತದೆ.

ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ರ‍್ಯಾಂಡನಿಗೆ ಗುಂಡಿಕ್ಕಿದರು. ಮುಂದಿನದ್ದು ಪಠ್ಯಪುಸ್ತಕದಲ್ಲಿದೆ: ತಿಲಕರ ಬಂಧನ, ಆರು ಮಂದಿ ಯುರೋಪಿಯನ್ ಜ್ಯೂರಿಗಳು ಅಪರಾಧಿ ಎಂದದ್ದು, ಮೂವರು ಭಾರತೀಯರು ಅಲ್ಲ ಎಂದದ್ದು, 18 ತಿಂಗಳ ಕಠಿಣ ಶಿಕ್ಷೆ. ಪಠ್ಯಪುಸ್ತಕದಲ್ಲಿ ಸಾಮಾನ್ಯವಾಗಿ ಇಲ್ಲದ್ದು ಎರಡು ಸಂಗತಿ. ತಿಲಕರು ಪ್ಲೇಗಿನ ಕ್ರಮಗಳ ಕುರುಡು ವಿರೋಧಿಯಾಗಿರಲಿಲ್ಲ. ರೋಗಿಗಳನ್ನು ಬೇರೆ ಇಡಬೇಕೆಂದು ಹೇಳಿದವರು, ಪುಣೆಯಲ್ಲಿ ಹಿಂದೂಗಳಿಗಾಗಿ ಪ್ಲೇಗಿನ ಆಸ್ಪತ್ರೆ ತೆರೆಯಲು ನಿಂತವರು. ಎರಡನೆಯದು, ಮೊಕದ್ದಮೆಯ ಆಧಾರವಾದದ್ದು ರೋಗದ ಬಗ್ಗೆ ಬರೆದ ಸುಳ್ಳಲ್ಲ. ಶಿವಾಜಿ ಉತ್ಸವದ ಭಾಷಣಗಳ ವರದಿ ಮತ್ತು ಒಂದು ಪದ್ಯ. ರೋಗದ ಗಾಬರಿ ಕಾನೂನನ್ನು ಬಿಗಿ ಮಾಡಲು ನೆಪವಾಯಿತು, ಬಿಗಿಯಾದದ್ದು ರಾಜಕೀಯ ಮಾತಿನ ಕುತ್ತಿಗೆ.

ಆ ಬಿಗಿಯ ಲಿಖಿತ ರೂಪವೇ 1898ರ ದಂಡಸಂಹಿತೆಯ ತಿದ್ದುಪಡಿ. ರಾಜದ್ರೋಹದ 124ಎ ಅಗಲವಾದದ್ದು, 153ಎ ಹೊಸದಾಗಿ ಸೇರಿದ್ದು ಎಲ್ಲರಿಗೂ ಗೊತ್ತು. ಅದೇ ತಿದ್ದುಪಡಿಯಲ್ಲಿ ವದಂತಿಗೆ ಸಂಬಂಧಿಸಿದ 505ನೇ ಕಲಮೂ ಬದಲಾಯಿತು, ಅದರ ಕಡೆ ಕಣ್ಣು ಹಾಯಿಸುವವರು ಕಡಿಮೆ. 1860ರ ಮೂಲದಲ್ಲಿ, ಸುಳ್ಳೆಂದು ತನಗೆ ಗೊತ್ತಿದ್ದೂ ಒಂದು ವದಂತಿಯನ್ನು ಹರಡಿ, ಜನರಲ್ಲಿ ಭಯ ಹುಟ್ಟಿಸಿ, ಆ ಭಯದಿಂದ ಯಾರಾದರೂ ಪ್ರಭುತ್ವದ ಅಥವಾ ಸಾರ್ವಜನಿಕ ಶಾಂತಿಯ ವಿರುದ್ಧ ಅಪರಾಧಕ್ಕಿಳಿಯಲಿ ಎಂದು ಬಯಸಿದವನಿಗೆ ಶಿಕ್ಷೆ ಇತ್ತು. ಸುಳ್ಳೆಂದು ಗೊತ್ತಿತ್ತು ಎಂಬುದನ್ನು ಸರ್ಕಾರ ತೋರಿಸಬೇಕಿತ್ತು. 1898ರಲ್ಲಿ ಆ ಮಾತನ್ನೇ ತೆಗೆದುಹಾಕಿದರು. ಉದ್ದೇಶ ಇಲ್ಲದಿದ್ದರೂ ಭಯ ಹುಟ್ಟುವ ಸಂಭವವಿದ್ದರೆ ಸಾಕು ಎಂದಾಯಿತು. ಬದಲಿಗೆ ಕೆಳಗೆ ಒಂದು ವಿನಾಯಿತಿ ಅಂಟಿಸಿದರು: ನಿಜವೆಂದು ನಂಬಲು ತನಗೆ ತಕ್ಕ ಕಾರಣವಿತ್ತು, ಕೆಟ್ಟ ಉದ್ದೇಶವಿರಲಿಲ್ಲ ಎಂದು ತೋರಿಸಿದರೆ ತಪ್ಪಿಸಿಕೊಳ್ಳಬಹುದು. ಹೊರೆ ಹೆಗಲು ಬದಲಿಸಿತು. ಇಲಿ ಬಿತ್ತು ಎಂದು ಕೂಗಿದವಳೇ ಇಲಿಯನ್ನು ತಂದು ತೋರಿಸಬೇಕು.

ಸ್ವಾತಂತ್ರ್ಯ ಬಂತು, ಸಂವಿಧಾನ ಬಂತು, ಆ ಕಲಂ ಹೋಗಲಿಲ್ಲ. 1962ರಲ್ಲಿ ಕೇದಾರನಾಥ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ರಾಜದ್ರೋಹದ ಕಲಮಿನ ಜೊತೆಗೆ ಅದನ್ನೂ ಎತ್ತಿಹಿಡಿಯಿತು. ಶಿಕ್ಷೆ ಮೂರು ವರ್ಷದವರೆಗೆ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 353ನೇ ಕಲಮಾಗಿದೆ. ಎಲೆಕ್ಟ್ರಾನಿಕ್ ಮಾಧ್ಯಮದ ಮೂಲಕ ಎಂಬ ಮಾತು ಹೊಸದಾಗಿ ಸೇರಿದೆ. 1898ರಲ್ಲಿ ಕಿತ್ತ ಮಾತನ್ನು ಮಾತ್ರ ಯಾರೂ ಮರಳಿ ಹಾಕಿಲ್ಲ.

ಪ್ಲೇಗಿನ ಕಾಲದ ಸರ್ಕಾರಕ್ಕಾದರೂ ನಿಜ ಗೊತ್ತಿತ್ತೇ? ಪಾಲ್ ಲೂಯಿ ಸಿಮಾಂಡ್ ಎಂಬ ಫ್ರೆಂಚ್ ವೈದ್ಯ 1898ರ ಜೂನಿನಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ, ಪ್ಲೇಗು ಇಲಿಯಿಂದ ಇಲಿಗೆ ಚಿಗಟದ ಮೂಲಕ ದಾಟುತ್ತದೆ ಎಂದು ಕಂಡುಕೊಂಡ. ಅದೇ ವರ್ಷ ಸರ್ಕಾರ ನೇಮಿಸಿದ ಪ್ಲೇಗು ಆಯೋಗಕ್ಕೆ ಅದು ರುಚಿಸಲಿಲ್ಲ. ಅಧಿಕೃತವಾಗಿ ಚಿಗಟ ಒಪ್ಪಿತವಾಗಲು ಇನ್ನೂ ಏಳೆಂಟು ವರ್ಷ ಬೇಕಾಯಿತು. ಅಲ್ಲಿಯವರೆಗೆ ನೆಲ, ಮೋರಿ, ಗೋಡೆಗಳಿಗೆ ಕಾರ್ಬಾಲಿಕ್ ಸುರಿದದ್ದೇ ಸುರಿದದ್ದು. ಇಲಿ ಬಿದ್ದ ಮನೆ ಬಿಡಬೇಕು ಎಂಬ ಊರಿನ ಮಾತು, ಕಾರಣ ತಿಳಿಯದೆಯೂ, ಆಯೋಗದ ವರದಿಗಿಂತ ಸತ್ಯಕ್ಕೆ ಹತ್ತಿರವಿತ್ತು.

ಇದೇ ತಪ್ಪು ನಮ್ಮ ಕಾಲದಲ್ಲೂ ಆಗಿದೆ. 2020ರ ಮಾರ್ಚ್ 28ರಂದು ವಿಶ್ವ ಆರೋಗ್ಯ ಸಂಸ್ಥೆ, ಕೊರೋನಾ ಗಾಳಿಯಿಂದ ಹರಡುವ ರೋಗವಲ್ಲ, ಇದು ಸತ್ಯಾಂಶ ಎಂದು ಟ್ವೀಟ್ ಮಾಡಿತ್ತು. ಗಾಳಿಯಲ್ಲಿ ಹರಡುತ್ತದೆ ಎಂದವರ ಮಾತು ಆಗ ತಪ್ಪು ಮಾಹಿತಿ. ಮುಂದೆ ಗಾಳಿಯೇ ಮುಖ್ಯ ದಾರಿ ಎಂದು ಎಲ್ಲರೂ ಒಪ್ಪಿದರು. ಸಂಸ್ಥೆ ಬೇಕೆಂದು ಸುಳ್ಳು ಹೇಳಿತು ಎನ್ನುತ್ತಿಲ್ಲ. ಹೊಸ ರೋಗದ ಮೊದಲ ತಿಂಗಳುಗಳಲ್ಲಿ ಸತ್ಯಕ್ಕೆ ಮೊಹರು ಒತ್ತಲು ಹೋದವರೆಲ್ಲ ಜಾರುತ್ತಾರೆ.

ಹಾಗೆಂದು ಸರ್ಕಾರ ಸುಮ್ಮನೆ ಕೂರಬೇಕಿತ್ತೇ? ಹುಬ್ಬಳ್ಳಿಯ ಕತೆ ನೋಡಿ. ಆಗ ಅದು ಬೊಂಬಾಯಿ ಪ್ರಾಂತ್ಯದ ಊರು. 1898ರಲ್ಲಿ ಪ್ಲೇಗು ಅಲ್ಲಿಗೆ ನುಗ್ಗಿತು. ಅದಕ್ಕೂ ಹಿಂದಿನ ವರ್ಷದ ಜನವರಿಯಲ್ಲಿ ವಾಲ್ಡೆಮಾರ್ ಹಾಫ್‌ಕಿನ್ ತನ್ನ ಪ್ಲೇಗಿನ ಚುಚ್ಚುಮದ್ದನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡು ನೋಡಿದ್ದ. ಹುಬ್ಬಳ್ಳಿಯಲ್ಲಿ ಕೆಲವೇ ತಿಂಗಳಲ್ಲಿ 30,000ಕ್ಕೂ ಹೆಚ್ಚು ಜನ ಅದನ್ನು ಹಾಕಿಸಿಕೊಂಡರು, ಊರಿನ ಬಹುಪಾಲು. ಚುಚ್ಚಿಸಿಕೊಳ್ಳದವರನ್ನು ಜೈಲಿಗೆ ಹಾಕುವ ಕಾನೂನಿರಲಿಲ್ಲ. ಚುಚ್ಚಿಸಿಕೊಂಡವರು ಉಳಿಯುವುದನ್ನೂ ಚುಚ್ಚಿಸಿಕೊಳ್ಳದವರು ಹೆಚ್ಚಾಗಿ ಸಾಯುವುದನ್ನೂ ಜನ ವಾರವಾರವೂ ಬೀದಿಯಲ್ಲಿ ಕಂಡರು. ಅದೇ ವರ್ಷದ ನವೆಂಬರಿನಲ್ಲಿ ಮೈಸೂರು ಸಂಸ್ಥಾನದ ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಪ್ಲೇಗಿನ ಕ್ರಮಗಳ ವಿರುದ್ಧ ಜನ ದಂಗೆಯೆದ್ದರು. ಎರಡೂ ಕನ್ನಡದ ಊರುಗಳೇ, ರೋಗವೂ ಒಂದೇ. ಹುಬ್ಬಳ್ಳಿಯವರು ತಿಳಿವಳಿಕೆಯುಳ್ಳವರು, ಗಂಜಾಂನವರು ಮೂಢರು ಎಂದು ಬರೆದು ಮುಗಿಸಲು ನನಗೆ ಮನಸ್ಸಿಲ್ಲ.

ಹಾಫ್‌ಕಿನ್‌ನ ಕತೆಗೆ ಇನ್ನೊಂದು ತಿರುವಿದೆ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೊವಾಲ ಎಂಬ ಹಳ್ಳಿಯಲ್ಲಿ 107 ಜನರಿಗೆ ಚುಚ್ಚುಮದ್ದು ಹಾಕಿದರು. ಒಂದೇ ಸೀಸೆಯಿಂದ ಹಾಕಿಸಿಕೊಂಡ 19 ಜನ ಧನುರ್ವಾಯುವಿನಿಂದ ಸತ್ತರು. ಸೂಜಿ ಚುಚ್ಚಿಸಿಕೊಂಡರೆ ಸಾಯುತ್ತಾರಂತೆ ಎಂಬ ಮಾತು ದೇಶದ ಎಲ್ಲೆಡೆ ಸುಳ್ಳಾಗಿತ್ತು, ಆ ಒಂದು ಊರಿನಲ್ಲಿ ನಿಜವಾಗಿತ್ತು. ಸರ್ಕಾರ ಅವಸರದಲ್ಲಿ ಪ್ರಯೋಗಾಲಯದ ಮೇಲೆ, ಅಂದರೆ ಹಾಫ್‌ಕಿನ್ ಮೇಲೆ ತಪ್ಪು ಹೊರಿಸಿತು. ಸೀಸೆ ತೆರೆಯುವಾಗ ಸಹಾಯಕನ ಕೈಯಿಂದ ಇಕ್ಕಳ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಮಾಡದೆ ಬಳಸಿದ್ದರು ಎಂಬ ಸಾಕ್ಷ್ಯ ಇದ್ದರೂ ಆತ ಕಳಂಕದಿಂದ ಬಿಡುಗಡೆಯಾದದ್ದು 1907ರಲ್ಲಿ, ರೊನಾಲ್ಡ್ ರಾಸ್ ಮುಂತಾದ ವಿಜ್ಞಾನಿಗಳು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದ ಮೇಲೆ. ಸರ್ಕಾರದ ಅಧಿಕೃತ ಸತ್ಯವನ್ನು ಪತ್ರಿಕೆಯಲ್ಲಿ ಪ್ರಶ್ನಿಸುವುದು ಸಾಧ್ಯವಿದ್ದುದರಿಂದಲೇ ಒಂದು ಒಳ್ಳೆಯ ಲಸಿಕೆಯ ಮಾನ ಉಳಿಯಿತು.

ಇಷ್ಟೆಲ್ಲ ಹೆದರಿಸುವ ಮಾತಿನ ಕತೆಯಾಯಿತು. ಆರೋಗ್ಯದ ಸುಳ್ಳಿನಲ್ಲಿ ಇನ್ನೊಂದು ಬಗೆಯಿದೆ: ಆಸೆ ಹುಟ್ಟಿಸಿ ಮಾರುವ ಮಾತು. ಹಳೆಯ ಕನ್ನಡ ಪತ್ರಿಕೆಗಳ ಕೊನೆಯ ಪುಟ ತಿರುವಿದವರಿಗೆ ಅದರ ಪರಿಚಯವಿರುತ್ತದೆ. ಧಾತುಪುಷ್ಟಿ ಲೇಹ್ಯ, ಬಂಜೆತನಕ್ಕೆ ಗುಳಿಗೆ, ಮಧುಮೇಹಕ್ಕೆ ಮೂರು ವಾರದ ಔಷಧಿ, ವಶೀಕರಣದ ತಾಯಿತ. ಇದಕ್ಕೆ ಕಡಿವಾಣ ಹಾಕಿದ್ದು ರಾಜಕುಮಾರಿ ಅಮೃತ್ ಕೌರ್ ಆರೋಗ್ಯ ಮಂತ್ರಿಯಾಗಿದ್ದಾಗ ಬಂದ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ. ಪಟ್ಟಿಯಲ್ಲಿರುವ ಕಾಯಿಲೆಗಳಿಗೆ ಮದ್ದು ಇದೆ ಎಂದು ಜಾಹೀರಾತು ಹಾಕುವುದೇ ತಪ್ಪು. ಅದು ನಿಜವೋ ಸುಳ್ಳೋ ಎಂಬ ಗೋಜಿಗೆ ಈ ಕಾಯ್ದೆಯ ಮುಖ್ಯ ಕಲಂ ಹೋಗುವುದೇ ಇಲ್ಲ. ಕ್ಯಾನ್ಸರಿನಂಥ ಕಾಯಿಲೆಯನ್ನು ಜಾಹೀರಾತು ನೋಡಿ ಗುಣಪಡಿಸಿಕೊಳ್ಳಲು ಹೋಗಬಾರದು, ಅಷ್ಟೆ. ಜಾಹೀರಾತು ಎಂದರೇನು ಎಂಬ ವ್ಯಾಖ್ಯೆ ನನಗೆ ಬಲು ಇಷ್ಟ. ಕರಪತ್ರ, ಸೀಸೆಯ ಮೇಲಿನ ಚೀಟಿ, ಸುತ್ತಿದ ಕಾಗದ, ಬಾಯಿಮಾತು, ಬೆಳಕು, ಶಬ್ದ, ಕೊನೆಗೆ ಹೊಗೆಯ ಮೂಲಕ ಮಾಡಿದ ಪ್ರಕಟಣೆಯೂ ಸೇರುತ್ತದೆ. ಇಂದಿನ ಮೊಬೈಲು ಅದರ ಹೊರಗೆ ಉಳಿಯುವ ಹಾಗೇ ಇಲ್ಲ.

ಹಮ್ದರ್ದ್ ದವಾಖಾನೆಯವರು ಮತ್ತಿತರರು ಇದನ್ನು ಸುಪ್ರೀಂ ಕೋರ್ಟಿಗೆ ಒಯ್ದರು. ಜಾಹೀರಾತೂ ಮಾತೇ, ಮಾತಿಗೆ 19(1)(ಎ) ರಕ್ಷಣೆಯಿದೆ ಎಂಬುದು ಅವರ ವಾದ. ನ್ಯಾಯಾಲಯಕ್ಕೆ ಇಲ್ಲಿ ನಿಜವಾದ ಇಕ್ಕಟ್ಟಿತ್ತು. ಮಾತನ್ನು ನಿರ್ಬಂಧಿಸಬಹುದಾದ ಕಾರಣಗಳನ್ನು 19(2)ರಲ್ಲಿ ಎಣಿಸಿ ಕೊಟ್ಟಿದೆ: ದೇಶದ ಭದ್ರತೆ, ಸಾರ್ವಜನಿಕ ಶಾಂತಿ, ಸಭ್ಯತೆ, ಮಾನಹಾನಿ, ನ್ಯಾಯಾಂಗ ನಿಂದನೆ ಹೀಗೆ. ಸಾರ್ವಜನಿಕ ಆರೋಗ್ಯ ಅಲ್ಲಿಲ್ಲ. ಸುಳ್ಳು ಎಂಬುದೂ ಇಲ್ಲ. 1959ರ ಡಿಸೆಂಬರಿನ ತೀರ್ಪು ಬೇರೆ ದಾರಿ ಹಿಡಿಯಿತು: ಜಾಹೀರಾತು ಮಾತಿನ ಒಂದು ರೂಪವೇ ಆದರೂ ನಿಷಿದ್ಧ ಔಷಧಿಯನ್ನು ಮಾರಲು ಹಾಕಿದ್ದು ವ್ಯಾಪಾರದ ಭಾಗ, ವಿಚಾರದ ಪ್ರಸಾರವಲ್ಲ. ಸರ್ಕಾರ ತನಗೆ ತೋಚಿದ ಕಾಯಿಲೆಗಳನ್ನು ಪಟ್ಟಿಗೆ ಸೇರಿಸಿಕೊಳ್ಳುವ ಅಧಿಕಾರವನ್ನೂ, ಅಂಕೆಯಿಲ್ಲದೆ ಸರಕು ಜಪ್ತಿ ಮಾಡುವ ಅಧಿಕಾರವನ್ನೂ ಮಾತ್ರ ಅದೇ ತೀರ್ಪು ಹೊಡೆದುಹಾಕಿತು. 1995ರ ಟಾಟಾ ಪ್ರೆಸ್ ಪ್ರಕರಣದಲ್ಲಿ ವಾಣಿಜ್ಯದ ಮಾತಿಗೂ ರಕ್ಷಣೆಯಿದೆ ಎಂದು ನ್ಯಾಯಾಲಯ ಹೇಳಿತು. ಮೋಸದ ಜಾಹೀರಾತು ಅದರ ನೆರಳಿಗೆ ಬರುವುದಿಲ್ಲ ಎಂಬುದು ಉಳಿದುಕೊಂಡಿತು. ಮಾತು ಯಾವುದು, ಮಾರಾಟ ಯಾವುದು ಎಂದು ಹಾಕಿದ ಈ ಗೆರೆ ಕಾನೂನು ವಿದ್ಯಾರ್ಥಿಗಳಿಗೆ ಅಷ್ಟೇನೂ ಅಂದವಾಗಿ ಕಾಣುವುದಿಲ್ಲ. ನನಗೆ ಮಾತ್ರ ಇದು 1898ರ ಗೆರೆಗಿಂತ ಎಷ್ಟೋ ವಾಸಿ.

ಈಗ ಎರಡು ಕಾನೂನುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಹೆದರಿಸುವ ಮಾತು ಹರಡಿದರೆ ಮೂರು ವರ್ಷದವರೆಗೆ ಜೈಲು. ವಾಸಿಯಾಗದ ಕಾಯಿಲೆಗೆ ಮದ್ದು ಇದೆ ಎಂದು ಜಾಹೀರಾತು ಹಾಕಿ ದುಡ್ಡು ಮಾಡಿದರೆ, ಮೊದಲ ಸಲಕ್ಕೆ ಆರು ತಿಂಗಳವರೆಗೆ, ಅಥವಾ ಬರೀ ದಂಡ. ಮೊದಲನೆಯದನ್ನು ಎತ್ತಿಕೊಳ್ಳಲು ಪೊಲೀಸರಿಗೆ ಉತ್ಸಾಹವಿದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕದಂತೆ ಸುಳ್ಳುಸುದ್ದಿ ಮತ್ತು ವದಂತಿಯ ಪ್ರಕರಣಗಳು 2019ರಲ್ಲಿ 486 ಇದ್ದದ್ದು 2020ರಲ್ಲಿ 1,527 ಆದವು. ಎಲ್ಲವೂ ಆರೋಗ್ಯದ ಸುದ್ದಿಗಳೇನಲ್ಲ, ಆದರೂ ವರ್ಷ ಯಾವುದು ಎಂಬುದನ್ನು ಗಮನಿಸಬೇಕು. ಎರಡನೆಯ ಕಾನೂನು ಹೇಗೆ ಮಲಗಿತ್ತು ಎಂಬುದು ಭಾರತೀಯ ವೈದ್ಯಕೀಯ ಸಂಘ 2022ರಲ್ಲಿ ಪತಂಜಲಿ ಜಾಹೀರಾತುಗಳ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಬಯಲಾಯಿತು. 2024ರ ಏಪ್ರಿಲಿನಲ್ಲಿ ಕಂಪನಿ ಪತ್ರಿಕೆಗಳಲ್ಲಿ ಕ್ಷಮೆ ಪ್ರಕಟಿಸಿತು, ಉತ್ತರಾಖಂಡದ ಪರವಾನಗಿ ಅಧಿಕಾರಿಗಳು ಇಷ್ಟು ವರ್ಷ ಏನು ಮಾಡುತ್ತಿದ್ದರು ಎಂದು ನ್ಯಾಯಮೂರ್ತಿಗಳು ಕಟುವಾಗಿ ಕೇಳಿದರು. ಅದೇ ವರ್ಷ ಆಯುಷ್ ಮಂತ್ರಾಲಯ, ಆಯುರ್ವೇದ ಔಷಧಿಗಳ ಜಾಹೀರಾತಿಗೆ ಮೊದಲೇ ಅನುಮತಿ ಬೇಕೆನ್ನುತ್ತಿದ್ದ 170ನೇ ನಿಯಮವನ್ನೇ ಕೈಬಿಟ್ಟಿತು. ನ್ಯಾಯಾಲಯ ತಡೆ ಕೊಟ್ಟಿತು, 2025ರ ಆಗಸ್ಟಿನಲ್ಲಿ ಪ್ರಕರಣ ಮುಗಿಸುವಾಗ ಆ ತಡೆಯೂ ಹೋಯಿತು.

2021ರ ಏಪ್ರಿಲ್ ಕೊನೆಯ ಆ ದಿನಗಳಲ್ಲಿ ಆಮ್ಲಜನಕ ಬೇಕು, ಹಾಸಿಗೆ ಬೇಕು ಎಂದು ಬರೆದವರ ಮೇಲೆ ಕೆಲವು ರಾಜ್ಯಗಳಲ್ಲಿ ಕ್ರಮದ ಬೆದರಿಕೆ ಬಂದಾಗ, ಏಪ್ರಿಲ್ 30ರಂದು ಸುಪ್ರೀಂ ಕೋರ್ಟು ಹಾಗೆ ನಾಗರಿಕರ ಬಾಯಿ ಮುಚ್ಚಿಸಿದರೆ ನ್ಯಾಯಾಂಗ ನಿಂದನೆಯಾಗಿ ಪರಿಗಣಿಸುತ್ತೇವೆ ಎಂದು ಎಚ್ಚರಿಸಿತು. ನನ್ನ ಗೆಳೆಯನೊಬ್ಬ ಆ ವಾರ ಆಸ್ಪತ್ರೆಯೊಂದರಲ್ಲಿ ಆಮ್ಲಜನಕ ಮುಗಿಯುತ್ತಿದೆ ಎಂದು ಬರೆದಿದ್ದ. ಠಾಣೆಯಿಂದ ಫೋನು ಬಂತು, ಅಳಿಸಿದ. ಅದೇ ವಾರ ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಒಂದು ಕಷಾಯದ ಪುಡಿಯ ಜಾಹೀರಾತು ಬಂದಿತ್ತು, ಶ್ವಾಸಕೋಶ ಮೂರೇ ದಿನದಲ್ಲಿ ಶುದ್ಧ. ಯಾವುದೋ ಸಣ್ಣ ಊರಿನ, ಹೆಸರು ಕೇಳದ ಕಂಪನಿ. ದೊಡ್ಡಪ್ಪ ಎರಡು ಡಬ್ಬಿ ತರಿಸಿದರು, ಐದು ದಿನ ಅದನ್ನೇ ಕುಡಿದರು, ಆರನೆಯ ದಿನ ಆಸ್ಪತ್ರೆ ಹುಡುಕಲು ಹೊರಟೆವು. ದೊಡ್ಡಪ್ಪ ಉಳಿಯಲಿಲ್ಲ. ಪುಡಿಯಿಂದಲೇ ಹೋದರು ಎನ್ನಲು ನನ್ನ ಬಳಿ ಆಧಾರವಿಲ್ಲ. ಮೊದಲ ದಿನವೇ ಹೊರಟಿದ್ದರೂ ಹಾಸಿಗೆ ಸಿಗುತ್ತಿತ್ತೆಂದು ಹೇಳಲಾರೆ. ಆದರೆ ಆ ಪುಡಿ ಮಾರಿದವನಿಗೆ ಯಾವ ಠಾಣೆಯಿಂದಲೂ ಫೋನು ಹೋದದ್ದು ನಮಗೆ ತಿಳಿಯಲಿಲ್ಲ.

ಹಾಗಾಗಿ ಹೊಸ ಕಾನೂನಿನ ಮಾತು ಬಂದಾಗಲೆಲ್ಲ ನಾನು ಮೊದಲು ಹುಡುಕುವುದು 1898ರಲ್ಲಿ ಕಿತ್ತುಹಾಕಿದ ಆ ಮಾತನ್ನು. ಸುಳ್ಳೆಂದು ಗೊತ್ತಿದ್ದೂ ಹೇಳಿದನೇ? ಹೇಳಿ ಏನು ಗಳಿಸಿದ? 2023ರಲ್ಲಿ ಕೇಂದ್ರ ಸರ್ಕಾರ ತನ್ನ ಕೆಲಸಕಾರ್ಯದ ಬಗೆಗಿನ ಸುದ್ದಿಯಲ್ಲಿ ಯಾವುದು ಸುಳ್ಳೆಂದು ತಾನೇ ನೇಮಿಸುವ ಘಟಕ ತೀರ್ಮಾನಿಸಲಿ ಎಂದು ಐಟಿ ನಿಯಮಗಳನ್ನು ತಿದ್ದಿತು. 2024ರ ಸೆಪ್ಟೆಂಬರಿನಲ್ಲಿ ಬೊಂಬಾಯಿ ಹೈಕೋರ್ಟು ಅದನ್ನು ಅಸಾಂವಿಧಾನಿಕ ಎಂದಿತು. 2025ರ ಜೂನಿನಲ್ಲಿ ನಮ್ಮ ಕರ್ನಾಟಕದಲ್ಲೇ ಸುಳ್ಳುಸುದ್ದಿ ತಡೆಯುವ ಮಸೂದೆಯ ಕರಡು ಹೊರಬಿತ್ತು, ಏಳು ವರ್ಷದವರೆಗಿನ ಜೈಲಿನ ಮಾತಿತ್ತು ಅದರಲ್ಲಿ. ಆ ಕರಡನ್ನು ಓದಿ ಮುಗಿಸಿದ ದಿನ ಊರಿಗೆ ಹೋಗಿದ್ದೆ. ಅಜ್ಜಿ ಎಂದಿನಂತೆ ಜಗುಲಿಯ ಮೇಲೆ ಕೂತಿದ್ದಳು. ದೊಡ್ಡಪ್ಪನ ಆ ಪುಡಿಯ ಡಬ್ಬಿಗಳಲ್ಲಿ ಒಂದು ಇನ್ನೂ ಅವಳ ಪಕ್ಕದಲ್ಲಿದೆ, ಚೀಟಿ ಅರ್ಧ ಹರಿದಿದೆ. ಅದರಲ್ಲೀಗ ಅಡಿಕೆ ತುಂಬಿಟ್ಟುಕೊಂಡಿದ್ದಾಳೆ.